ರೋಬೋಟ್‌ಗೆ ಪಿಪೆಟ್ ಹಿಡಿಯೋದು ಕಲಿಸೋದು ಹೇಗೆ?

ಡಿಎನ್‌ಎ ಸೀಕ್ವೆನ್ಸಿಂಗ್ ಅಂದ್ರೆ ನಮಗೆ ನೆನಪಾಗೋದು ದುಬಾರಿ ಯಂತ್ರ, ರಾಶಿಗಟ್ಟಲೆ ಡೇಟಾ. ಆದರೆ ರಕ್ತದಿಂದ ತೆಗೆದ ಡಿಎನ್‌ಎಯನ್ನು ಹಾಗೇ ಯಂತ್ರಕ್ಕೆ ಹಾಕಲು ಬರುವುದಿಲ್ಲ. ಇಲ್ಯುಮಿನಾದಂಥ ಯಂತ್ರಕ್ಕಾದರೆ ಅದನ್ನು ಚಿಕ್ಕ ತುಂಡುಗಳಾಗಿಸಬೇಕು, ತುದಿ ಸರಿಪಡಿಸಬೇಕು, ಎರಡೂ ತುದಿಗೆ ಅಡಾಪ್ಟರ್ ಎಂಬ ಗೊತ್ತಿರುವ ಡಿಎನ್‌ಎ ತುಣುಕು ಅಂಟಿಸಬೇಕು, ತೊಳೆಯಬೇಕು, ಬೇಕಿದ್ದರೆ ಪಿಸಿಆರ್‌ನಿಂದ ಪ್ರತಿಗಳನ್ನು ಹೆಚ್ಚಿಸಬೇಕು. ಇದೇ ಲೈಬ್ರರಿ ಪ್ರಿಪರೇಶನ್. ಪ್ರತಿ ಸ್ಯಾಂಪಲ್‌ಗೂ ಬೇರೆ ಬೇರೆ ಬಾರ್‌ಕೋಡ್ ಸೇರಿಸುವುದರಿಂದ ಹಲವರ ಡಿಎನ್‌ಎಯನ್ನು ಒಟ್ಟಿಗೇ ಓದಿಸಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಬೇರ್ಪಡಿಸಬಹುದು.

ಕೆಲಸ ನಡೆಯೋದು ಸಾಮಾನ್ಯವಾಗಿ 96 ಗುಳಿಗಳ ಪ್ಲೇಟ್‌ನಲ್ಲಿ. ಅಳಗುಳಿ ಮಣೆಯಲ್ಲಿ 14 ಗುಳಿ ಇದ್ರೆ, ಇಲ್ಲಿ 8 ಸಾಲು, ಸಾಲಿಗೆ 12. ಒಂದು ಸಲ ತೊಳೆಯೋದನ್ನೇ ಲೆಕ್ಕ ಹಾಕೋಣ: ಕಾಂತೀಯ ಮಣಿ ಹಾಕಬೇಕು, ಮೇಲಿನ ದ್ರವ ತೆಗೀಬೇಕು, ಎಥನಾಲ್ ಎರಡು ಸಲ ಹಾಕಿ ಎರಡು ಸಲ ತೆಗೀಬೇಕು, ಬಫರ್ ಹಾಕಬೇಕು, ಶುದ್ಧ ಡಿಎನ್‌ಎಯನ್ನು ಹೊಸ ಪ್ಲೇಟ್‌ಗೆ ಸಾಗಿಸಬೇಕು. ಗುಳಿಗೆ 8 ಬಾರಿ, ಪ್ಲೇಟ್‌ಗೆ 768 ಬಾರಿ! ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಗುರಿ 10,000 ಜನರ ಜೀನೋಮ್. ಅಂದ್ರೆ ಇಂಥ 105 ಪ್ಲೇಟ್‌ಗಳಷ್ಟು ಸ್ಯಾಂಪಲ್. ಈ ಪ್ರಮಾಣದ ಕೆಲಸಕ್ಕೇ ರೋಬೋಟ್ ಬೇಕಾಗೋದು.

ರೋಬೋಟ್ ತಂದಿಟ್ಟರೆ ಮುಗೀತಾ? ಓಪನ್‌ಟ್ರಾನ್ಸ್ ಒಟಿ-2 ರೋಬೋಟ್‌ಗೆ ಪೈಥಾನ್‌ನಲ್ಲೇ ಪ್ರೋಗ್ರಾಂ ಬರೀಬಹುದು: 'ಆಸ್ಪಿರೇಟ್' ಅಂದ್ರೆ ಹೀರು, 'ಡಿಸ್ಪೆನ್ಸ್' ಅಂದ್ರೆ ಬಿಡು. ಕೋಡ್ ಸುಲಭ. ಪಳಗಿದ ಕೈ ತನಗೇ ಗೊತ್ತಿಲ್ಲದಂತೆ ಮಾಡೋದನ್ನೆಲ್ಲ ಸಂಖ್ಯೆಯಲ್ಲಿ ಬರೆಯೋದೇ ಕಷ್ಟ.

ಉದಾಹರಣೆಗೆ, ಕಿಣ್ವಗಳ ದ್ರಾವಣದಲ್ಲಿ ಗ್ಲಿಸರಾಲ್ ಇರುತ್ತೆ. ಪಾಕದ ಹಾಗೆ ಮಂದ. ಅನುಭವ ಇರೋರು ನಿಧಾನಕ್ಕೆ ಹೀರಿ, ಒಂದು ಕ್ಷಣ ಕಾದು, ಟಿಪ್‌ನ ಹೊರಗೆ ಅಂಟಿದ ಹನಿಯನ್ನು ಅಂಚಿಗೆ ಮುಟ್ಟಿಸಿ ತೆಗೀತಾರೆ. ರೋಬೋಟ್ ಅದನ್ನು ನೀರಿನ ವೇಗದಲ್ಲೇ ಹೀರಿದರೆ ಅಳತೆ ತಪ್ಪುತ್ತದೆ. ವೇಗ, ಕಾಯುವ ಸೆಕೆಂಡು, ಟಿಪ್ ಮುಳುಗುವ ಆಳ ಎಲ್ಲವನ್ನೂ ನಾವೇ ಕೊಡ್ಬೇಕು.

ಮಣಿಗಳ ವಿಷಯ ಇನ್ನೂ ಸೂಕ್ಷ್ಮ. 50 ಮೈಕ್ರೋಲೀಟರ್ ಸ್ಯಾಂಪಲ್‌ಗೆ 40 ಮೈಕ್ರೋಲೀಟರ್ ಮಣಿ ದ್ರಾವಣ ಹಾಕಿದರೆ ಉದ್ದ ತುಂಡುಗಳು ಮಣಿಗೆ ಅಂಟಿ ಉಳಿಯುತ್ತವೆ. ತಮ್ಮತಮ್ಮಲ್ಲೇ ಅಂಟಿಕೊಂಡ ಅಡಾಪ್ಟರ್‌ಗಳಂಥ ಚಿಕ್ಕವು ಹೊರಟುಹೋಗುತ್ತವೆ. 90 ಹಾಕಿದರೆ ಆ ಚಿಕ್ಕವೂ ಉಳಿದು, ಸೀಕ್ವೆನ್ಸರ್ ಅದನ್ನೇ ಓದುತ್ತಾ ಕೂರುತ್ತದೆ. ಮಣಿಗಳು ತಳಕ್ಕೆ ಇಳಿಯೋದ್ರಿಂದ ಮಧ್ಯೆ ಮಧ್ಯೆ ಕಲಕದಿದ್ದರೆ ಒಂದೊಂದು ಗುಳಿಗೆ ಒಂದೊಂದು ಪ್ರಮಾಣ. ಎಥನಾಲ್ ಉಳಿದರೆ ಮುಂದಿನ ಪಿಸಿಆರ್ ಕೆಡಬಹುದು. ಅತಿಯಾಗಿ ಒಣಗಿಸಿದರೆ ಡಿಎನ್‌ಎ ಮಣಿಯಿಂದ ಸರಿಯಾಗಿ ಬಿಟ್ಟು ಬರಲ್ಲ.

ಕೈತಪ್ಪಿನಿಂದ ಒಂದೆರಡು ಗುಳಿ ಕೆಡಬಹುದು. ಆದರೆ ಸ್ಯಾಂಪಲ್ ಪ್ಲೇಟನ್ನು ರೋಬೋಟ್ ಮೇಲೆ ಉಲ್ಟಾ ತಿರುಗಿಸಿ ಇಟ್ಟರೆ ಎ1 ಜಾಗಕ್ಕೆ ಎಚ್12 ಬರುತ್ತದೆ; ಯಾರೂ ಗಮನಿಸದಿದ್ದರೆ 96 ರಿಪೋರ್ಟೂ ಬೇರೆಯವರ ಹೆಸರಿಗೆ! ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಚೂರು ತುಂಬ ಚಿಕ್ಕದಾಗಿದ್ದರೆ, ಇನ್ನೊಮ್ಮೆ ಮಾಡೋಣ ಅನ್ನೋಕೂ ಸ್ಯಾಂಪಲ್ ಉಳಿದಿರಲ್ಲ.

ಅದಕ್ಕೇ ಮೊದಲು ಬಣ್ಣದ ನೀರಿನಲ್ಲಿ ಓಡಿಸಿ ನೋಡಬೇಕು. 1 ಮೈಕ್ರೋಲೀಟರ್ ನೀರು ಸುಮಾರು 1 ಮಿಲಿಗ್ರಾಂ, ಹಾಗಾಗಿ ತೂಕ ಮಾಡಿ ಅಳತೆ ಪರೀಕ್ಷಿಸಬಹುದು. ಪ್ಲೇಟ್‌ಗೆ ಬಾರ್‌ಕೋಡ್ ಚೀಟಿ ಅಂಟಿಸಿ ಸ್ಕ್ಯಾನ್ ಮಾಡಬೇಕು. ಒಂದು ಗುಳಿಗೆ ಡಿಎನ್‌ಎ ಹಾಕದೇ ಬಿಡಬೇಕು. ಕೊನೆಗೆ ಅದರಲ್ಲೂ ಡಿಎನ್‌ಎ ಸಿಕ್ಕರೆ ಎಲ್ಲೋ ಬೆರಕೆಯಾಗಿದೆ ಅಂತ ಅರ್ಥ.

ಮುಂದಿನ ಸಲ ಬಯೋಟೆಕ್ ಗೆಳೆಯರು ಪಿಪೆಟ್ ಹಿಡಿದಾಗ ಪಕ್ಕದಲ್ಲಿ ನಿಂತು ಅವರ ಕೈ ನೋಡೋಣ. ಎಲ್ಲಿ ನಿಧಾನ ಮಾಡ್ತಾರೆ, ಎಲ್ಲಿ ಕಾಯ್ತಾರೆ ಅಂತ ಬರ್ಕೊಳ್ಳೋಣ. ಕೋಡ್ ಬರೆಯೋಕೆ ಕೂರೋದು ಆಮೇಲೆ.