ಅಣುವಿನ ಕವಲು, ಸ್ಫಟಿಕದ ಕಟ್ಟು

ಹಾಲಿನ ಮೆತ್ತನೆಯ ಪೊಟ್ಟಣವೂ ನೀರು ತುಂಬುವ ಗಡುಸಾದ ಡ್ರಮ್ಮೂ ಹೆಚ್ಚಾಗಿ ಪಾಲಿಥೀನ್ ಎಂಬ ಒಂದೇ ದ್ರವ್ಯದ ಎರಡು ರೂಪಗಳು. ಎರಡಕ್ಕೂ ಎಥಿಲೀನ್ ಅನಿಲವೇ ಮೂಲ; ಇಂಗಾಲ, ಜಲಜನಕಗಳೇ ಘಟಕಗಳು. ಆದರೂ ಒಂದು ಮೃದು, ಇನ್ನೊಂದು ಕಠಿಣ. ಈ ಭೇದಕ್ಕೆ ಮುಖ್ಯ ಕಾರಣ ಅಣುಗಳ ಕವಲು.

1933ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಫಾಸೆಟ್ ಮತ್ತು ಗಿಬ್ಸನ್ ಎಂಬ ರಸಾಯನಜ್ಞರು ಎಥಿಲೀನನ್ನು ಅತ್ಯಧಿಕ ಒತ್ತಡಕ್ಕೆ ಗುರಿಪಡಿಸಿದಾಗ ಮೇಣದಂತಹ ಬಿಳಿಯ ವಸ್ತು ದೊರೆಯಿತು. ಈ ವಿಧಾನದಲ್ಲಿ ಬೆಳೆಯುತ್ತಿರುವ ಸರಪಣಿಯ ತುದಿ ಹಿಂದಕ್ಕೆ ಬಾಗಿ ತನ್ನ ಒಡಲಿನಿಂದಲೇ ಜಲಜನಕವನ್ನು ಸೆಳೆದುಕೊಳ್ಳುವುದುಂಟು. ಆ ಎಡೆಯಲ್ಲಿ ಕಿರುಗವಲೊಂದು ಉಳಿಯುತ್ತದೆ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಂಡುಹಿಡಿದ ವೇಗವರ್ಧಕಗಳಿಂದ ಅಲ್ಪ ಒತ್ತಡದಲ್ಲಿಯೇ ಬಹುಮಟ್ಟಿಗೆ ಕವಲಿಲ್ಲದ ನೇರ ಸರಪಣಿಗಳು ಲಭಿಸಿದವು.

ಸವರಿದ ಬಿದಿರುಗಳುಗಳು ಒತ್ತಾಗಿ ಹೊರೆಕಟ್ಟಿಗೆ ಒದಗುತ್ತವೆ. ಟಿಸಿಲುಳ್ಳ ಮುಳ್ಳುಕೊಂಬೆಗಳು ಒದಗವು. ಅಣುಗಳ ಸ್ಥಿತಿಯೂ ಅಂತೆಯೇ. ಪಾಲಿಥೀನ್ ತಣಿಯುವಾಗ ಸರಪಣಿಗಳು ಮಡಿಮಡಿಯಾಗಿ ಸೇರಿ, ಮಿಲಿಮೀಟರಿನ ಸುಮಾರು ಲಕ್ಷದಲ್ಲೊಂದು ಭಾಗ ದಪ್ಪದ ಸ್ಫಟಿಕ ಫಲಕಗಳಾಗುತ್ತವೆ. ಅತಿ ಕಿರಿದಾದ ಮೀಥೈಲ್ ಕವಲು ಒಂದಿಷ್ಟು ನುಸುಳಬಲ್ಲುದು. ಅದಕ್ಕಿಂತ ದೊಡ್ಡ ಕವಲುಗಳಿಗೆ ಅಲ್ಲಿ ಎಡೆಯಿಲ್ಲದೆ, ಬಹುಪಾಲು ಫಲಕಗಳ ನಡುವಣ ಅಸ್ತವ್ಯಸ್ತ ಪ್ರದೇಶಕ್ಕೆ ತಳ್ಳಲ್ಪಡುತ್ತವೆ. ಹೀಗೆ ಕವಲು ಸ್ಫಟಿಕದ ಜೋಡಣೆಯ ಮಾದರಿಯನ್ನು ಅಷ್ಟಾಗಿ ಬದಲಿಸದೆ, ಸ್ಫಟಿಕದ ಪ್ರಮಾಣವನ್ನೂ ಫಲಕದ ದಪ್ಪವನ್ನೂ ತಗ್ಗಿಸುತ್ತದೆ.

ಪರಿಣಾಮ ಸ್ಪಷ್ಟ. ನೇರ ಸರಪಣಿಯ ಪಾಲಿಥೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.95 ಗ್ರಾಂ, ಕವಲುಳ್ಳದ್ದರದು ಸುಮಾರು 0.92. ಮೊದಲನೆಯದು 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿದರೆ, ಎರಡನೆಯದು 110ರ ಸುತ್ತಿನಲ್ಲಿಯೇ ಕರಗುತ್ತದೆ. ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ತೆಳು ಚೀಲಕ್ಕೆ ಕುದಿಯುವ ಸಾರನ್ನು ಸುರಿಯಬಾರದೆಂಬುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಕವಲನ್ನು ದೋಷವೆನ್ನಲಾಗದು. ಸ್ಫಟಿಕ ಕಡಿಮೆಯಾದಷ್ಟೂ ಹಾಳೆ ಬಾಗುತ್ತದೆ, ಬೆಳಕನ್ನು ಹಾಯಗೊಡುತ್ತದೆ. ಒಂದೇ ಸರಪಣಿ ಎರಡು ಫಲಕಗಳನ್ನು ಹೊಲಿದಂತೆ ಬೆಸೆದಾಗ ಹಾಳೆ ಸುಲಭವಾಗಿ ಹರಿಯದು. ಮಿತವಾದ ಕಿರುಗವಲು ಇದಕ್ಕೆ ಸಹಕಾರಿ. ಆದಕಾರಣವೇ ಬ್ಯೂಟೀನ್, ಹೆಕ್ಸೀನ್, ಆಕ್ಟೀನ್‌ಗಳನ್ನು ಅಳತೆಯರಿತು ಬೆರೆಸಿ, ನೇರ ಸರಪಣಿಗೂ ಬೇಕಾದಷ್ಟೇ ಕವಲನ್ನು ಮೂಡಿಸುತ್ತಾರೆ. ಹಾಲಿನ ಪೊಟ್ಟಣದ ಹಾಳೆಯಲ್ಲಿ ಇಂತಹ ಪಾಲಿಥೀನ್ ಬಳಕೆಯಲ್ಲಿದೆ.

ಪದಾರ್ಥದ ಗುಣ ಅದರ ಘಟಕದಲ್ಲಿ ಮಾತ್ರವಲ್ಲ, ಘಟಕಗಳ ವಿನ್ಯಾಸದಲ್ಲಿಯೂ ಇದೆ. ಪ್ಲಾಸ್ಟಿಕ್ಕೆಂದು ಎಲ್ಲವನ್ನೂ ಒಂದೇ ರಾಶಿಗೆ ಹಾಕುವ ಮುನ್ನ ಇದನ್ನು ನೆನೆಯುವುದು ಯುಕ್ತ.