ಅಜ್ಜನ ಟ್ರಂಕಿನ್ಯಾಗಿನ ಕರಿ ಟೊಪಗಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸಂತ್ಯಾಗ ಹಿರ್ಯಾರ ತಲಿಮ್ಯಾಲೆ ರುಮಾಲ ಇಲ್ಲಾ ಬಿಳಿ ಗಾಂಧಿ ಟೊಪಗಿ ಕಾಣತಾವ. ಅಜ್ಜನ ಟ್ರಂಕ್ ತಗದ್ರ ಮಾತ್ರ ಒಮ್ಮೊಮ್ಮೆ ಫೆಲ್ಟಿನ ಕರಿ ಟೊಪಗಿ ಸಿಗತೈತಿ. 1956ರ ತನಕ ನಾವು ಮುಂಬೈ ಆಡಳಿತದಾಗ ಇದ್ವಿ. ಆಗ ಕೋಟ್ ಹಾಕ್ಕೊಂಡ ಮಾಸ್ತರರು, ಕಾರಕೂನರು ಇದನ್ನ ಇಡತಿದ್ರು.

ಇದು ಖರೇನ ಫೆಲ್ಟ್ ಹೌದೋ ಅಲ್ಲೋ? ಬೆಳಕಿಗೆ ಹಿಡೀರಿ. ಎಳಿ ಅಡ್ಡ-ಉದ್ದ ಕಂಡ್ರ ನೇಯ್ದ ಬಟ್ಟಿ. ಫೆಲ್ಟ್ ನೇಯೂದಿಲ್ಲ. ಉಣ್ಣಿಗೆ ಬಿಸಿನೀರು ಹಾಕಿ ತಿಕ್ಕಿ ಒತ್ತಿದ್ರ ಕೂದಲ ಒಂದಕ್ಕೊಂದು ಸಿಕ್ಕೊಂಡು ಹಾಳಿಯಂಗ ಗಟ್ಟಿ ಆಗತೈತಿ. ನಮ್ಮ ಕುರುಬರ ಕಂಬಳಿನೂ ಉಣ್ಣೀದ, ಆದ್ರ ಅದು ಮಗ್ಗದಾಗ ಹುಟ್ಟಿದ್ದು.

ಈಗ ಒಳಗ ನೋಡ್ರಿ. ಹಣಿಗೆ ತಾಗೂ ಪಟ್ಟಿ ಬೆವರಿಗೆ ಕಪ್ಪಾಗೇತಿ. ಅದನ್ನ ಮಾತ್ರ ತೊಳೀಬ್ಯಾಡ್ರಿ. ಅಜ್ಜನ ತಲಿ ಅಳತಿ ಅಲ್ಲೇ ಐತಿ.

ಸೊಟ್ಟ ಆಗಿದ್ರ ಕುದಿಯೂ ನೀರಿನ ಹಬಿ ಹಿಡದು, ಕೈಲೆ ತಿದ್ದಿ, ನೆರಳಾಗ ಆರಸ್ರಿ. ಧೂಳಿಗೆ ಮೆತ್ತನ ಬ್ರಶ್, ಒಂದ ದಿಕ್ಕಿಗೆ. ಇಡೂವಾಗ ನೆತ್ತಿ ಚಿವಟಬ್ಯಾಡ್ರಿ, ಎರಡೂ ಕೈಲೆ ಅಂಚು ಹಿಡದು, ಹುಬ್ಬಿನ ಮ್ಯಾಲೆ ಎರಡ ಬೆರಳು ಬಿಟ್ಟು ಇಡ್ರಿ. ಮತ್ತ ಟ್ರಂಕಿಗೆ ಹಾಕೂ ಮುಂದ ಒಣಗಿದ ಬೇವಿನ ಎಲಿ ಹಾಕ್ರಿ, ಉಣ್ಣಿಗೆ ಹುಳದ ಕಾಟ ಭಾಳ.