ಚಿಪ್ಪುಜೀವಿಗಳೂ ಕಡಲಮೀನಿನ ಬಿಳಿಚುಕ್ಕೆ ರೋಗವೂ

ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ ಈ ಎರಡು ನದಿಗಳ ಅಳಿವೆಗಳಲ್ಲಿ ಬಳಚು ಮೊದಲಾದ ಚಿಪ್ಪುಜೀವಿಗಳು ದೊರೆಯುವುವು. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿರುವುವು. ಇಂತಹ ಹವಳಗಳನ್ನೂ ಅವುಗಳ ನೆರೆಯ ಮೀನುಗಳನ್ನೂ ಗಾಜಿನ ತೊಟ್ಟಿಯಲ್ಲಿ ಸಾಕುವವರು, ಮೀನಿಗಂಟುವ ಪರೋಪಜೀವಿಗಳನ್ನು ಚಿಪ್ಪುಜೀವಿಗಳಿಂದ ಅಡಗಿಸಬಹುದೇ ಎಂದು ವಿಚಾರಿಸುವುದುಂಟು.

ಇದಕ್ಕೆ ಉತ್ತರವು ಪರೋಪಜೀವಿಯ ಜೀವನಕ್ರಮದಲ್ಲಿಯೇ ಅಡಗಿದೆ. ಬಿಳಿಚುಕ್ಕೆ ರೋಗಕ್ಕೆ ಕಾರಣವಾದ ಏಕಕೋಶಜೀವಿಯನ್ನು ಜಪಾನಿನ ಸಿಕಾಮ ಅವರು 1937ರಲ್ಲಿ ವರ್ಣಿಸಿದರು. 1951ರಲ್ಲಿ ಬ್ರೌನ್ ಅವರು ಅದಕ್ಕೆ ಕ್ರಿಪ್ಟೋಕ್ಯಾರಿಯಾನ್ ಎಂಬ ಹೆಸರನ್ನಿಟ್ಟರು. ಅದಕ್ಕೆ ಮುಖ್ಯವಾಗಿ ಮೂರು ಅವಸ್ಥೆಗಳು. ಮೊದಲನೆಯದರಲ್ಲಿ ಅದು ಮೀನಿನ ಚರ್ಮದಲ್ಲಿಯೂ ಕಿವಿರುಗಳಲ್ಲಿಯೂ ಹುದುಗಿ ಕೆಲವು ದಿನ ಬೆಳೆಯುವುದು; ಎರಡನೆಯದರಲ್ಲಿ ಮೀನನ್ನು ತೊರೆದು, ಕಲ್ಲು ಮರಳುಗಳಿಗಂಟಿ, ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು ಒಳಗೆ ವಿಭಜನೆ ಹೊಂದುವುದು; ಮೂರನೆಯದರಲ್ಲಿ ಒಂದೊಂದು ಕೋಶದಿಂದ ನೂರಾರು ಮರಿಗಳು ಹೊರಬಿದ್ದು ಮೀನನ್ನರಸಿ ಈಜುವುವು. ಒಂದೆರಡು ದಿನಗಳೊಳಗೆ ಮೀನು ದೊರೆಯದಿದ್ದರೆ ಇವು ನಾಶವಾಗುವುವು.

ಚಿಪ್ಪುಜೀವಿಯಾದರೋ ನೀರನ್ನು ಒಳಕ್ಕೆಳೆದು, ಕಿವಿರುಗಳಲ್ಲಿ ಸೋಸಿ, ಸಿಕ್ಕಿದ ಕಣಗಳನ್ನು ಆಹಾರವಾಗಿ ಕೊಳ್ಳುವುದು. ಈಜುವ ಮರಿಯ ಉದ್ದವು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಚಿಪ್ಪುಜೀವಿಯು ಇದಕ್ಕಿಂತ ಎಷ್ಟೋ ಸಣ್ಣ ಕಣಗಳನ್ನೂ ಹಿಡಿಯಬಲ್ಲುದು. ಆದುದರಿಂದ ಮೂರನೆಯ ಅವಸ್ಥೆಯೊಂದೇ ಅದರ ಸೋಸುವಿಕೆಗೆ ಸಿಕ್ಕತಕ್ಕದ್ದು. ಮೀನಿನೊಳಗಿರುವುದನ್ನೂ ಕಲ್ಲಿಗಂಟಿರುವುದನ್ನೂ ಅದು ಮುಟ್ಟಲಾರದು. ಕಿರಿದಾದ ತೊಟ್ಟಿಯಲ್ಲಿ ಮೀನು ಸಮೀಪದಲ್ಲಿಯೇ ಇರುವುದರಿಂದ, ಸೋಸಲ್ಪಡುವ ಮುನ್ನವೇ ಕೆಲವು ಮರಿಗಳು ಮೀನನ್ನು ಸೇರುವುವು. ಹೀಗಾಗಿ ರೋಗದ ಭಾರವು ತಗ್ಗಬಹುದಲ್ಲದೆ ಅದರ ಮೂಲವು ಅಳಿಯದು.

ಅಪಾಯಗಳೂ ಇಲ್ಲದಿಲ್ಲ. ಸ್ವಚ್ಛವಾದ ತೊಟ್ಟಿಯಲ್ಲಿ ಆಹಾರವು ಸಾಲದೆ ಚಿಪ್ಪುಜೀವಿಯು ಸೊರಗಿ ಸತ್ತರೆ ನೀರೇ ಕೆಡುವುದು. ಮೀನಿರುವ ನೀರಿನಿಂದ ತಂದ ಚಿಪ್ಪಿನ ಹೊರಮೈಗೆ ಈ ಪರೋಪಜೀವಿಯ ಕೋಶಗಳು ಅಂಟಿರಬಹುದು. ಅವು ಒಡೆಯಲು 3 ದಿನಗಳಿಂದ 72 ದಿನಗಳವರೆಗೆ ಹಿಡಿಯುವುದೆಂದು ತಿಳಿದುಬಂದಿದೆ. ಆದಕಾರಣ ಅಷ್ಟು ಕಾಲ ಮೀನಿಲ್ಲದ ಬೇರೊಂದು ತೊಟ್ಟಿಯಲ್ಲಿ ಅವನ್ನಿಡುವುದು ಯುಕ್ತ. ಅಳಿವೆಯ ಬಳಚು ಮಳೆಗಾಲದ ಸಿಹಿನೀರಿಗೂ ಬೇಸಗೆಯ ಉಪ್ಪುನೀರಿಗೂ ಒಗ್ಗಿದ್ದರೂ, ಒಮ್ಮೆಲೇ ಅದನ್ನು ಹವಳದ ತೊಟ್ಟಿಗೆ ಹಾಕುವುದು ತರವಲ್ಲ. ನೇತ್ರಾಣಿಯ ಹವಳಗಳನ್ನು ಕೀಳುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಿಷಿದ್ಧ.

ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಕದಡಿದ ನೀರು ತಿಳಿಯಾಗುವುದೆಂಬ ಕತಕನ್ಯಾಯವು ವಿದ್ವಾಂಸರಿಗೆ ಪರಿಚಿತವಾದುದೇ. ಆ ಬೀಜದಂತೆ ಚಿಪ್ಪುಜೀವಿಯೂ ನೀರನ್ನು ತಿಳಿಗೊಳಿಸುವುದು. ಆದರೆ ತಿಳಿನೀರೆಲ್ಲವೂ ರೋಗರಹಿತವಲ್ಲ. ಹೊಸ ಮೀನನ್ನು ಪ್ರತ್ಯೇಕವಾಗಿರಿಸಿ ಪರೀಕ್ಷಿಸುವುದೇ ಮುಖ್ಯ ಚಿಕಿತ್ಸೆ. ಚಿಪ್ಪುಜೀವಿಯು ಅದಕ್ಕೆ ಸಹಾಯಕ ಮಾತ್ರ.